ರೇಡಿಯೇಟರ್ ಹಿಂದೆ ಮರೆಯಾಗಲಿದ್ದ ಸಾಕೆಟ್: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದ ಒಂದು ಪಟ್ಟಣದಲ್ಲಿ, 1930ರ ದಶಕದಲ್ಲಿ ಕಟ್ಟಿದ ಇಟ್ಟಿಗೆಯ ಮನೆಯಲ್ಲಿ ಈ ಪ್ರಕರಣ ನಡೆಯಿತು. ಮನೆಯವರು ಕರ್ನಾಟಕದಿಂದ ಬಂದು ಹಲವು ವರ್ಷಗಳಿಂದ ಅಲ್ಲಿ ನೆಲೆಸಿರುವ ದಂಪತಿ. ಇಬ್ಬರು ಮಕ್ಕಳು, ಜೊತೆಗೆ ಆ ದಿನಗಳಲ್ಲಿ ಊರಿನಿಂದ ಬಂದಿದ್ದ ಮನೆಯ ಯಜಮಾನರ ತಂದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಸಂಗತಿಗಳನ್ನು ಬದಲಿಸಿಲ್ಲ. ನಾನು ಆ ದೇಶದಲ್ಲಿ ವೈರಿಂಗ್ ಕೆಲಸ ಮಾಡುವವನು, ಆ ಕುಟುಂಬಕ್ಕೆ ಪರಿಚಿತ. ಈ ಕೆಲಸದಲ್ಲಿ ನನ್ನ ಮೊದಲ ಸಲಹೆಯೇ ಅರೆಬರೆಯಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕಾಗಿದೆ.

ಮನೆಯವರು ಮನೆ ಬೆಚ್ಚಗಿಡುವ ನೀರನ್ನು ಕಾಯಿಸುತ್ತಿದ್ದ ಹಳೆಯ ಗ್ಯಾಸ್ ಬಾಯ್ಲರನ್ನು ತೆಗೆಸಿ, ಹೊರಗಿನ ಶಾಖವನ್ನು ವಿದ್ಯುತ್ತಿನ ನೆರವಿನಿಂದ ಒಳಗೆ ತಂದು ಅದೇ ನೀರನ್ನು ಕಾಯಿಸುವ ಹೀಟ್ ಪಂಪ್ ಹಾಕಿಸಲು ನಿರ್ಧರಿಸಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದಕ್ಕೆ ಸರ್ಕಾರ ಕೊಡುವ ಸಹಾಯಧನ 2023ರ ಅಕ್ಟೋಬರಿನಲ್ಲಿ 5,000 ಪೌಂಡಿನಿಂದ 7,500 ಪೌಂಡಿಗೆ ಏರಿದ್ದು ಅವರ ನಿರ್ಧಾರಕ್ಕೆ ಒಂದು ಕಾರಣ. ಹೀಟ್ ಪಂಪ್ ಬಂದರೆ ಗೋಡೆಯ ಸಾಕೆಟ್ ಏಕೆ ಅಡ್ಡ ಬರಬೇಕು ಎಂಬ ಪ್ರಶ್ನೆ ಸಹಜ. ಉತ್ತರ ರೇಡಿಯೇಟರಿನ, ಅಂದರೆ ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ, ಗೋಡೆಗೆ ತೂಗುಹಾಕಿದ ಲೋಹದ ಫಲಕದ ಗಾತ್ರದಲ್ಲಿದೆ. ರೇಡಿಯೇಟರ್ ತಯಾರಕರು ಕೊಡುವ ವ್ಯಾಟ್ ಲೆಕ್ಕ ಇಎನ್ 442 ಮಾನಕದಂತೆ, ನೀರು 75 ಡಿಗ್ರಿಯಲ್ಲಿ ಒಳಹೊಕ್ಕು 65 ಡಿಗ್ರಿಯಲ್ಲಿ ಹೊರಬರುವಾಗ, 20 ಡಿಗ್ರಿಯ ಕೋಣೆಯಲ್ಲಿ ಅಳೆದದ್ದು. ಅಂದರೆ ನೀರಿನ ಸರಾಸರಿಗೂ ಕೋಣೆಗೂ 50 ಡಿಗ್ರಿ ವ್ಯತ್ಯಾಸ. ಹೀಟ್ ಪಂಪ್ ಮಿತವ್ಯಯದಿಂದ ನಡೆಯಬೇಕಾದರೆ ನೀರು 45 ಡಿಗ್ರಿಗೆ ಹೋಗಿ 40 ಡಿಗ್ರಿಗೆ ಮರಳಬೇಕು. ಆಗ ವ್ಯತ್ಯಾಸ 22.5 ಡಿಗ್ರಿಗೆ ಇಳಿಯುತ್ತದೆ, ಅದೇ ರೇಡಿಯೇಟರ್ ಕೊಡುವ ಶಾಖ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಸುಮಾರು 35 ಶೇಕಡಾ ಮಾತ್ರ ಉಳಿಯುತ್ತದೆ.

ಮನೆಯ ಮುಂಭಾಗದ ಕೋಣೆಗೆ ಚಳಿಗಾಲದ ಕಡು ದಿನದಲ್ಲಿ ಸುಮಾರು 1,000 ವ್ಯಾಟ್ ಶಾಖ ಬೇಕೆಂದು ಲೆಕ್ಕವಾಗಿತ್ತು. ಅಲ್ಲಿದ್ದ ಒಂದೇ ಪದರದ, ಒಂದು ಮೀಟರ್ ಉದ್ದದ ಹಳೆಯ ರೇಡಿಯೇಟರ್ ಹೊಸ ತಾಪಮಾನದಲ್ಲಿ ಅದರ ಮೂರನೆಯ ಒಂದು ಪಾಲನ್ನೂ ಸರಿಯಾಗಿ ಕೊಡುವಂತಿರಲಿಲ್ಲ. ಆ ಜಾಗಕ್ಕೆ ಎರಡು ಪದರದ, 600 ಮಿ.ಮೀ. ಎತ್ತರದ, 1,800 ಮಿ.ಮೀ. ಉದ್ದದ ರೇಡಿಯೇಟರ್ ಬೇಕಾಯಿತು. ಕಿಟಕಿ ಬಾಗಿಕೊಂಡು ಹೊರಚಾಚಿದ್ದರಿಂದ ಅದರ ಕೆಳಗೆ ಅಷ್ಟು ಉದ್ದದ್ದು ಕೂರುವುದಿಲ್ಲ. ಮೂರು ಪದರದ್ದನ್ನು ಹಾಕಿದರೆ ಉದ್ದ ಕಡಿಮೆಯಾಗುತ್ತದೆ, ಆದರೆ ಗೋಡೆಯಿಂದ ಸುಮಾರು ಒಂದು ಗೇಣಿನಷ್ಟು ಮುಂದೆ ಬಂದು ಓಡಾಟದ ದಾರಿಗೆ ಅಡ್ಡವಾಗುತ್ತದೆ. ಉಳಿದದ್ದು ಹಜಾರಕ್ಕೂ ಆ ಕೋಣೆಗೂ ನಡುವಿನ ಉದ್ದ ಗೋಡೆ ಒಂದೇ. ಆ ಗೋಡೆಯ ನಡುಭಾಗದಲ್ಲಿ, ನೆಲದಿಂದ 300 ಮಿ.ಮೀ. ಎತ್ತರದಲ್ಲಿ, ಎರಡು ಪ್ಲಗ್ ಹಾಕಬಹುದಾದ ಒಂದು ಸಾಕೆಟ್ ಇತ್ತು.

ಸಮಸ್ಯೆ

ಹೀಟ್ ಪಂಪ್ ಕೆಲಸದ ಅಂದಾಜುಪಟ್ಟಿಯಲ್ಲಿ ರೇಡಿಯೇಟರ್, ಕೊಳವೆ, ವಾಲ್ವ್, ಬ್ರಾಕೆಟ್ ಎಲ್ಲವೂ ಇದ್ದವು, ಸಾಕೆಟ್ ಇರಲಿಲ್ಲ. ಶಾಖದ ಕೆಲಸದವರ ಕಣ್ಣಿಗೆ ಅದು ವಿದ್ಯುತ್ ಕೆಲಸದವರ ಪಾಲು. ಮನೆಯವರಿಗೆ ಅದು ಸಾಕೆಟ್ಟಿನ ಮುಖ ಮಾತ್ರ, ಅಂದರೆ ಬಿಳಿ ಪ್ಲಾಸ್ಟಿಕ್ ಫಲಕ. ಗೋಡೆಯೊಳಗೆ ಏನಿದೆ ಎಂದು ಕೇಳುವ ಹೊಣೆ ಯಾರದೂ ಆಗಿರಲಿಲ್ಲ. ಇಂಥ ಎಷ್ಟೋ ಕೆಲಸಗಳು ಕೆಡುವುದು ಯಾರ ಅಸಡ್ಡೆಯಿಂದಲೂ ಅಲ್ಲ, ಎರಡು ಕಸುಬುಗಳ ನಡುವಿನ ಈ ಸಂದಿಯಲ್ಲಿ ಎಂಬುದು ನನ್ನ ಅನುಭವ.

ರೇಡಿಯೇಟರ್ ಬರುವುದಕ್ಕೆ ಐದು ದಿನ ಮೊದಲು ಮನೆಯೊಡತಿ ನನಗೆ ಫೋನ್ ಮಾಡಿದರು. ಅಷ್ಟರಲ್ಲಿ ಅವರ ಮುಂದೆ ಎರಡು ಸಲಹೆಗಳಿದ್ದವು. ಮೊದಲನೆಯದು, ಸಾಕೆಟ್ಟನ್ನು ಇದ್ದಲ್ಲೇ ಬಿಟ್ಟು ಅದರ ಮುಂದೆ ರೇಡಿಯೇಟರ್ ತೂಗುಹಾಕುವುದು. ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ಗನ್ನು ಅದಕ್ಕೆ ಚುಚ್ಚಿಟ್ಟರೆ ತಂತಿ ಕಾಣದೆ ಅಂದವಾಗಿರುತ್ತದೆ ಎಂಬ ಆಸೆಯೂ ಅದರ ಜೊತೆಗಿತ್ತು. ಎರಡನೆಯದು, ಫಲಕವನ್ನು ತೆಗೆದು, ಒಳಗಿನ ತಂತಿಗಳನ್ನು ಸ್ಕ್ರೂ ಇರುವ ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಜೋಡಿಸಿ, ಪೆಟ್ಟಿಗೆಗೆ ಪ್ಲಾಸ್ಟರ್ ತುಂಬಿ ಬಣ್ಣ ಹೊಡೆದುಬಿಡುವುದು. “ಅಣ್ಣ, ಮುಚ್ಚಿಬಿಟ್ಟರೆ ಒಂದು ಗಂಟೆಯ ಕೆಲಸವಂತೆ, ಮುಚ್ಚಿಬಿಡೋದಾ?” ಎಂದು ಅವರು ಕೇಳಿದರು.

ಮೊದಲ ಸಲಹೆಯನ್ನು ಬಿಡಲು ಹೆಚ್ಚು ಯೋಚಿಸಬೇಕಿರಲಿಲ್ಲ. ರೇಡಿಯೇಟರಿನ ಬೆನ್ನಿಗೂ ಗೋಡೆಗೂ ನಡುವೆ ಉಳಿಯುವ ಜಾಗ ಮೂರು ನಾಲ್ಕು ಸೆಂಟಿಮೀಟರ್. ಅಲ್ಲಿ ಪ್ಲಗ್ ಕೂತರೂ ಅದರ ತಂತಿ ಬಾಗಿ ಬಿಸಿ ಲೋಹಕ್ಕೆ ಒತ್ತಿಕೊಳ್ಳುತ್ತದೆ. ಹೊಗೆ ಕಂಡಾಗ ಪ್ಲಗ್ ಕೀಳಲು ಕೈ ಹೋಗುವುದಿಲ್ಲ. ಸಾಕೆಟ್ಟಿನ ಸ್ವಿಚ್ ಆರಿಸಲೂ ಆಗುವುದಿಲ್ಲ. ಈ ಮನೆಯಲ್ಲಿ ನೀರು 45 ಡಿಗ್ರಿಯನ್ನು ಮೀರುವುದಿಲ್ಲ, ಸಾಮಾನ್ಯ ಪಿವಿಸಿ ಕೇಬಲ್ಲಿನ ವಾಹಕ 70 ಡಿಗ್ರಿಯವರೆಗೆ ತಾಳುತ್ತದೆ ಎಂದು ಯಾರಾದರೂ ವಾದಿಸಬಹುದು. ಆದರೆ ಆ 70 ಡಿಗ್ರಿಯಲ್ಲಿ ಸುತ್ತಲಿನ ಶಾಖವೂ ಸೇರಿದೆ, ವಿದ್ಯುತ್ ಹರಿಯುವುದರಿಂದ ತಂತಿಯಲ್ಲೇ ಹುಟ್ಟುವ ಶಾಖವೂ ಸೇರಿದೆ. ಸುತ್ತಲಿನ ಗಾಳಿ ಬಿಸಿಯಾದಷ್ಟೂ ಕೇಬಲ್ ಹೊರಬಲ್ಲ ಆಂಪಿಯರ್ ಇಳಿಯುತ್ತದೆ. ಅಲ್ಲದೆ ನಾಳೆ ಈ ಮನೆ ಬೇರೆಯವರ ಕೈಗೆ ಹೋಗಿ, ಅವರು ನೀರಿನ ತಾಪಮಾನವನ್ನು ಏರಿಸಿಕೊಂಡರೆ ಈ ಲೆಕ್ಕವೇ ಉಳಿಯುವುದಿಲ್ಲ.

ಎರಡನೆಯ ಸಲಹೆ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ನೋಡಲು ಅಚ್ಚುಕಟ್ಟಾಗಿರುತ್ತದೆ. ಬ್ರಿಟನ್ನಿನ ವೈರಿಂಗ್ ಮಾನಕವಾದ ಬಿಎಸ್ 7671ರ ಪ್ರಕಾರ, ಸ್ಕ್ರೂ ಬಿಗಿದು ಮಾಡಿದ ಜೋಡಣೆ ಎಂದಿಗೂ ಪರೀಕ್ಷೆಗೆ, ದುರಸ್ತಿಗೆ ಕೈಗೆ ಸಿಗುವಂತಿರಬೇಕು, ಪ್ಲಾಸ್ಟರಿನೊಳಗೆ ಹೂಳುವಂತಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಗೋಡೆಯಲ್ಲಿ 50 ಮಿ.ಮೀ.ಗಿಂತ ಕಡಿಮೆ ಆಳದಲ್ಲಿ ಕೇಬಲ್ ಹೂತಿದ್ದರೆ, ಅದು ಸ್ವಿಚ್ಚು ಅಥವಾ ಸಾಕೆಟ್ಟಿನ ನೇರಕ್ಕೆ ಮೇಲೆ ಕೆಳಗೆ, ಇಲ್ಲವೇ ಎಡಕ್ಕೆ ಬಲಕ್ಕೆ ಮಾತ್ರ ಸಾಗಿರಬೇಕು. ಗೋಡೆಯ ಮೇಲಂಚಿನ ಮತ್ತು ಮೂಲೆಗಳ 150 ಮಿ.ಮೀ. ಪಟ್ಟಿಯಲ್ಲಿಯೂ ಸಾಗಬಹುದು. ಗೋಡೆಗೆ ಡ್ರಿಲ್ ಹಿಡಿಯುವವನು ಸಾಕೆಟ್ಟನ್ನು ಕಂಡು “ಇದರ ನೇರಕ್ಕೆ ತೂತು ಮಾಡಬಾರದು” ಎಂದು ತಿಳಿಯುತ್ತಾನೆ. ಸಾಕೆಟ್ ಎನ್ನುವುದು ಪ್ಲಗ್ ಹಾಕುವ ಜಾಗವಷ್ಟೇ ಅಲ್ಲ, ಗೋಡೆಯೊಳಗಿನ ಕೇಬಲ್ಲಿನ ದಾರಿಯನ್ನು ಹೊರಗೆ ತೋರಿಸುವ ಗುರುತೂ ಹೌದು. ಫಲಕ ತೆಗೆದು ಪ್ಲಾಸ್ಟರ್ ಹಚ್ಚಿದ ಕ್ಷಣದಲ್ಲಿ ಗುರುತು ಅಳಿಯುತ್ತದೆ, ಕೇಬಲ್ ಅಲ್ಲೇ ಜೀವಂತವಾಗಿ ಉಳಿಯುತ್ತದೆ. ಅದೇ ಗೋಡೆಗೆ ಮರುದಿನವೇ ರೇಡಿಯೇಟರಿನ ಬ್ರಾಕೆಟ್ಟಿಗಾಗಿ ಆರು ತೂತು ಕೊರೆಯಲಾಗುತ್ತದೆ.

ನನ್ನ ಮೊದಲ ಸಲಹೆ

ನಾನು ಹೇಳಿದ್ದು ಇವೆರಡಕ್ಕೂ ಹೊರತಾದ ಮೂರನೆಯ ದಾರಿ. ಸ್ಕ್ರೂ ಇಲ್ಲದೆ, ಸ್ಪ್ರಿಂಗಿನ ಹಿಡಿತದಲ್ಲಿ ತಂತಿಯನ್ನು ಭದ್ರವಾಗಿರಿಸುವ, ಮತ್ತೆ ಬಿಗಿಗೊಳಿಸುವ ಅಗತ್ಯವಿಲ್ಲದ ಜೋಡಣೆ ಪೆಟ್ಟಿಗೆಗಳಿವೆ. ಅವುಗಳ ಮೇಲೆ “ಎಂಎಫ್” ಎಂಬ ಗುರುತಿರುತ್ತದೆ, ಬಿಎಸ್ 5733 ಮಾನಕಕ್ಕೆ ಒಳಪಟ್ಟಿರುತ್ತವೆ. ತಯಾರಕರು ಹೇಳಿದಂತೆ ಅಳವಡಿಸಿದರೆ ಕೈಗೆ ಸಿಗದ ಜಾಗದಲ್ಲಿಯೂ ಅವುಗಳಿಗೆ ಅನುಮತಿಯಿದೆ. ಅಂಥದ್ದನ್ನು ಹಾಕಿ, ಪ್ಲಾಸ್ಟರ್ ಹಚ್ಚದೆ, ಮೇಲೆ ತೂತಿಲ್ಲದ ಖಾಲಿ ಫಲಕವನ್ನು ಬಿಗಿದರೆ ಗುರುತೂ ಉಳಿಯುತ್ತದೆ, ಜೋಡಣೆಯೂ ನಿಯಮಬದ್ಧವಾಗಿರುತ್ತದೆ ಎಂಬುದು ನನ್ನ ಲೆಕ್ಕ. ಫೋನಿನಲ್ಲೇ ಒಪ್ಪಿಗೆಯೂ ಆಯಿತು. ಬಹಳ ಮನೆಗಳಲ್ಲಿ ಇಷ್ಟು ಸಾಕು, ಅದನ್ನು ತಪ್ಪೆನ್ನಲಾರೆ. ಆದರೆ ಗೋಡೆಯನ್ನು ನೋಡದೆ ಹಾಗೆ ಹೇಳಿದ್ದು ತಪ್ಪು.

ಮನೆಗೆ ಹೋದ ದಿನ ಹಿರಿಯರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅವರು ಕೆಇಬಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ನಮ್ಮೂರಿನ ಮನೆಗಳಲ್ಲಿ ವೈರಿಂಗ್ ಎಂದರೆ ಗೋಡೆಯಲ್ಲಿ ಗ್ರೂವ್ ಹೊಡೆದು ಪಿವಿಸಿ ಪೈಪ್ ಕೂರಿಸಿ, ಅದರೊಳಗೆ ಬಿಡಿ ತಂತಿಗಳನ್ನು ಎಳೆಯುವುದು. ಬೇಡವಾದಾಗ ಎಳೆದು ತೆಗೆಯಬಹುದು. “ಇಲ್ಲಿ ಪೈಪಿಲ್ವೇನಪ್ಪಾ?” ಎಂದು ಅವರು ಕೇಳಿದಾಗ, ಇಲ್ಲಿ ಚಪ್ಪಟೆ ಕೇಬಲ್ಲನ್ನು ಇಟ್ಟಿಗೆಯ ಮೇಲಿಟ್ಟು, ಅದಕ್ಕೆ ತೆಳುವಾದ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಮುಚ್ಚಿಗೆ ಹೊಡೆದು, ನೇರವಾಗಿ ಪ್ಲಾಸ್ಟರ್ ಮಾಡಿಬಿಡುತ್ತಾರೆ ಎಂದು ವಿವರಿಸಿದೆ. ಅವರಿಗೆ ಅದು ಸಮಾಧಾನ ತರಲಿಲ್ಲ.

ಪರಿಶೀಲನೆಯಲ್ಲಿ ಕಂಡದ್ದು

ಫ್ಯೂಸ್ ಬೋರ್ಡಿನಲ್ಲಿ “ಕೆಳಮಹಡಿ ಸಾಕೆಟ್” ಎಂದು ಬರೆದಿದ್ದ 32 ಆಂಪಿಯರಿನ ಎಂಸಿಬಿಯನ್ನು (ಹೊರೆ ಮೀರಿದಾಗ ತಾನೇ ಬೀಳುವ ಸ್ವಿಚ್ಚು) ಇಳಿಸಿ, ಬೀಗ ಹಾಕಿ ಬಂದೆ. ಎರಡು ಮೊನೆಯ ವೋಲ್ಟೇಜ್ ಟೆಸ್ಟರನ್ನು ಮೊದಲು ಪರೀಕ್ಷಾ ಪೆಟ್ಟಿಗೆಯಲ್ಲಿ ಸರಿಯಿದೆಯೆಂದು ಖಚಿತಪಡಿಸಿಕೊಂಡು ಸಾಕೆಟ್ಟಿಗೆ ಹಿಡಿದರೆ, 230 ವೋಲ್ಟಿನ ಆಸುಪಾಸು ತೋರಿಸಿತು. ಆ ಕೋಣೆಯ ಸಾಕೆಟ್ಟುಗಳು ಮೇಲ್ಮಹಡಿಯ ಎಂಸಿಬಿಗೆ ಸೇರಿದ್ದವು. ಹಿಂದೆ ಯಾರೋ ಬೋರ್ಡ್ ಬದಲಿಸುವಾಗ ಚೀಟಿಗಳು ಅದಲುಬದಲಾಗಿದ್ದವು. ಚೀಟಿಯನ್ನು ನಂಬಿ ಸ್ಕ್ರೂಡ್ರೈವರ್ ಹಿಡಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸರಿಯಾದ ಎಂಸಿಬಿಯನ್ನು ಇಳಿಸಿ ಬೀಗ ಹಾಕಿ, ಟೆಸ್ಟರನ್ನು ಮತ್ತೆ ಖಚಿತಪಡಿಸಿಕೊಂಡು, ಸಾಕೆಟ್ ಸತ್ತಿದೆಯೆಂದು ನೋಡಿ, ಕೊನೆಗೆ ಟೆಸ್ಟರನ್ನು ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಫಲಕ ಬಿಚ್ಚಿದೆ.

ಪೆಟ್ಟಿಗೆಯಲ್ಲಿ ಕೆಂಪು ಕಪ್ಪು ತಂತಿಗಳ ಎರಡು ಕೇಬಲ್ಲುಗಳಿದ್ದವು. ಬ್ರಿಟನ್ನಿನಲ್ಲಿ 2006ರಿಂದ ಈಚೆಗೆ ಹೊಸ ವೈರಿಂಗಿಗೆ ಕಂದು ಮತ್ತು ನೀಲಿ ಬಣ್ಣಗಳೇ ಕಡ್ಡಾಯವಾದ್ದರಿಂದ, ಇದು ಅದಕ್ಕೂ ಹಿಂದಿನದೆಂದು ತಿಳಿಯಿತು. ಒಂದು ಕೇಬಲ್ ನೆಲದ ಕಡೆಯಿಂದ ನೇರವಾಗಿ ಮೇಲೆ ಬಂದಿತ್ತು. ಅದು ಎಡಗಡೆಯಲ್ಲಿ ಟಿವಿ ಇರುವ ಸಾಕೆಟ್ಟಿನಿಂದ ಬಂದದ್ದು. ಇನ್ನೊಂದು ಪೆಟ್ಟಿಗೆಯ ಬಲಬದಿಯ ತೂತಿನಿಂದ ಹೊರಟು, ಅದೇ 300 ಮಿ.ಮೀ. ಎತ್ತರದಲ್ಲಿ ಗೋಡೆಯುದ್ದಕ್ಕೂ ಅಡ್ಡವಾಗಿ ಸಾಗಿ ಬಾಗಿಲ ಬಳಿಯ ಸಾಕೆಟ್ಟಿಗೆ ಸೇರಿತ್ತು. ಹೊಸ ರೇಡಿಯೇಟರ್ ನೆಲದಿಂದ 150 ಮಿ.ಮೀ. ಮೇಲೆ ಕೂರುತ್ತದೆ, ಅದಕ್ಕೆ ಮೂರು ಬ್ರಾಕೆಟ್. ಬ್ರಾಕೆಟ್ಟಿನ ಅಳತೆಯ ಕಾಗದವನ್ನು ಗೋಡೆಗೆ ಹಿಡಿದು ನೋಡಿದರೆ, ಬಲತುದಿಯ ಬ್ರಾಕೆಟ್ಟಿನ ಕೆಳಗಿನ ತೂತು ಸರಿಯಾಗಿ ಆ ಕೇಬಲ್ಲಿನ ಮೇಲೆಯೇ ಬೀಳುತ್ತಿತ್ತು.

ಖಾಲಿ ಫಲಕದ ನನ್ನ ಉಪಾಯ ಇಲ್ಲಿ ಅಲುಗಾಡಿತು. ಫಲಕವೇನೋ ಗುರುತು, ಆದರೆ ರೇಡಿಯೇಟರ್ ಹಿಂದೆ ಅವಿತ ಗುರುತು ಯಾರ ಕಣ್ಣಿಗೆ ಬೀಳುತ್ತದೆ? ಈ ಬಾರಿ ಬ್ರಾಕೆಟ್ಟನ್ನು ಒಂದೆರಡು ಇಂಚು ಸರಿಸಿ ತಪ್ಪಿಸಿಕೊಳ್ಳಬಹುದು. ಮುಂದೆ ರೇಡಿಯೇಟರ್ ಬದಲಿಸುವವನು, ಹಳೆಯ ತೂತು ಸಡಿಲವಾಯಿತೆಂದು ಪಕ್ಕದಲ್ಲಿ ಇನ್ನೊಂದನ್ನು ಕೊರೆಯುತ್ತಾನೆ. ಹಿರಿಯರು ಕೇಳಿದ್ದೂ ಇದನ್ನೇ: “ನಾನೂ ಇರಲ್ಲ, ನೀವೂ ಇರಲ್ಲ, ಮುಂದೆ ಈ ಗೋಡೆಗೆ ಮೊಳೆ ಹೊಡೆಯೋನಿಗೆ ಯಾರಪ್ಪ ಹೇಳ್ತಾರೆ?” ಆಮೇಲೆ ಸೊಸೆಯ ಕಡೆ ತಿರುಗಿ, “ಬೇಡದ ತಂತಿನ ಗೋಡೇಲಿ ಬಿಡಬಾರ್ದು ಕಣಮ್ಮ, ತೆಗೆಸಿಬಿಡು” ಎಂದರು.

ಎರಡನೆಯ ತಿರುವು ಅಳತೆಯಿಂದ ಬಂತು. ಬ್ರಿಟನ್ನಿನ ಮನೆಗಳ ಸಾಕೆಟ್ಟುಗಳು ಬಹುಪಾಲು ರಿಂಗ್ ಸರ್ಕ್ಯೂಟಿನಲ್ಲಿರುತ್ತವೆ. ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಪದ್ಧತಿಯದು. ಪ್ರತಿ ಪ್ಲಗ್ಗಿನೊಳಗೂ ಒಂದು ಫ್ಯೂಸ್ ಇರುವ, ಮೂರು ಆಯತಾಕಾರದ ಕಾಲುಗಳ ಆ ದೇಶದ ಪ್ಲಗ್ಗಿನ ಮಾನಕ ಬಿಎಸ್ 1363 ಬಂದದ್ದೂ 1947ರಲ್ಲಿ. ರಿಂಗ್ ಎಂದರೆ ಎಂಸಿಬಿಯಿಂದ ಹೊರಟ 2.5 ಚದರ ಮಿ.ಮೀ. ಕೇಬಲ್ ಎಲ್ಲ ಸಾಕೆಟ್ಟುಗಳನ್ನೂ ಹಾದು ಮರಳಿ ಅದೇ ಎಂಸಿಬಿಗೆ ಬರುವುದು. ಪ್ರತಿ ಸಾಕೆಟ್ಟಿಗೂ ಎರಡು ದಿಕ್ಕಿನಿಂದ ವಿದ್ಯುತ್ ಬರುವುದರಿಂದಲೇ ಅಷ್ಟು ತೆಳು ತಂತಿಗೆ 32 ಆಂಪಿಯರಿನ ಎಂಸಿಬಿ ಸಲ್ಲುತ್ತದೆ. ಈ ಬಳೆ ಎಲ್ಲಾದರೂ ತುಂಡಾದರೆ ಹೊರಗೆ ಏನೂ ತಿಳಿಯುವುದಿಲ್ಲ. ದೀಪ, ಟಿವಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ಎಂದಿನಂತೆ ನಡೆಯುತ್ತವೆ. ಆದರೆ ಹಂಚಿಹೋಗಬೇಕಿದ್ದ ಹೊರೆಯೆಲ್ಲ ಒಂದೇ ಕೈಯ ಮೇಲೆ ಬೀಳುತ್ತದೆ, ಎಂಸಿಬಿ ಮಾತ್ರ 32 ಆಂಪಿಯರಿನವರೆಗೂ ಸುಮ್ಮನಿರುತ್ತದೆ.

ಕೆಲಸಕ್ಕೆ ಮುಂಚೆ ಬೋರ್ಡಿನಲ್ಲಿ ಬಳೆಯ ಎರಡೂ ತುದಿಗಳನ್ನು ಬಿಚ್ಚಿ ಅಳೆದೆ. ಲೈನ್ ತಂತಿ 0.37 ಓಮ್, ಅರ್ಥ್ ತಂತಿ 0.61 ಓಮ್. ಕೇಬಲ್ಲಿನಲ್ಲಿ ಅರ್ಥ್ 1.5 ಚದರ ಮಿ.ಮೀ. ಇರುವುದರಿಂದ ಅದು ಲೈನಿನ 1.67 ಪಟ್ಟು ಬರಬೇಕು, ಬಂದಿತ್ತು. ನ್ಯೂಟ್ರಲ್ ಮಾತ್ರ ತುದಿಯಿಂದ ತುದಿಗೆ ಸೇರಿರಲಿಲ್ಲ. ಮರಳಿ ಬಂದು ಬಿಚ್ಚಿದ ಫಲಕವನ್ನು ಬೆಳಕಿಗೆ ಹಿಡಿದಾಗ ಕಾರಣ ಅಲ್ಲೇ ಇತ್ತು: ನ್ಯೂಟ್ರಲ್ ಹಿಡಿಯಲ್ಲಿ (ತಂತಿ ಬಿಗಿಯುವ ಟರ್ಮಿನಲ್) ಇರಬೇಕಾದ ಎರಡು ತಂತಿಗಳಲ್ಲಿ ಒಂದು ಸ್ಕ್ರೂವಿನ ಹಿಡಿತಕ್ಕೆ ಸಿಗದೆ ಪಕ್ಕಕ್ಕೆ ಜಾರಿತ್ತು, ಹಿಡಿಯ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ಕೋಣೆ ಬೆಚ್ಚಗಾಗದೆಂದು ಮನೆಯವರು ಎರಡು ಚಳಿಗಾಲ ಆ ಸಾಕೆಟ್ಟಿಗೇ 2 ಕಿಲೋವ್ಯಾಟಿನ ಫ್ಯಾನ್ ಹೀಟರ್ ಹಾಕಿದ್ದರು. ಸುಮಾರು 8.7 ಆಂಪಿಯರ್, ಗಂಟೆಗಟ್ಟಲೆ, ಸಡಿಲ ಹಿಡಿಯ ಮೂಲಕ. ಯಾವ ಸಾಕೆಟ್ಟನ್ನು ರೇಡಿಯೇಟರ್ ಹಿಂದೆ ಹಾಗೆಯೇ ಬಿಟ್ಟುಬಿಡೋಣ ಎಂದಿದ್ದರೋ ಅದೇ ಸಾಕೆಟ್ ಅದು.

ನಿರ್ಧಾರ

ಮೂರು ದಾರಿಗಳನ್ನೂ ಮನೆಯವರ ಮುಂದಿಟ್ಟೆ. ಬಳೆಯನ್ನು ಅಲ್ಲೇ ಸೇರಿಸಿ ಖಾಲಿ ಫಲಕ ಹಾಕಿ ಬ್ರಾಕೆಟ್ ಸರಿಸುವುದು ಅತಿ ಅಗ್ಗದ್ದು, ನಿಯಮಕ್ಕೂ ಹೊಂದುವಂಥದ್ದು. ಸಾಕೆಟ್ಟನ್ನು ಅಡ್ಡ ಕೇಬಲ್ಲಿನ ಮೇಲೆಯೇ ಬಲಕ್ಕೆ ಸರಿಸುವುದು ಇನ್ನೊಂದು. ಆದರೆ ಆಗ ಎಡದಿಂದ ಬರುವ ಕೇಬಲ್ಲಿಗೆ ಉದ್ದ ಸಾಲದೆ ರೇಡಿಯೇಟರ್ ಹಿಂದೆಯೇ ಒಂದು ಜೋಡಣೆ ಉಳಿಯುತ್ತದೆ. ಮೂರನೆಯದು ಸಾಕೆಟ್ಟನ್ನು ಎಡಕ್ಕೆ, ಅಂದರೆ ಕೇಬಲ್ ಬರುವ ಕಡೆಗೇ ಸರಿಸಿ, ಗೋಡೆಯ ಅಡ್ಡ ಕೇಬಲ್ಲನ್ನು ಪೂರ್ತಿ ತೆಗೆದು, ಬಾಗಿಲ ಬಳಿಯ ಸಾಕೆಟ್ಟಿಗೆ ನೆಲದಡಿಯಿಂದ ಹೊಸ ಕೇಬಲ್ ಎಳೆಯುವುದು. ಇದರಲ್ಲಿ ಎಲ್ಲಿಯೂ ಹೊಸ ಜೋಡಣೆಯೇ ಬೇಡ: ಹಳೆಯ ಕೇಬಲ್ ಹತ್ತಿರದ ಜಾಗಕ್ಕೆ ಬರುವುದರಿಂದ ಉದ್ದ ಮಿಗುತ್ತದೆ, ಹೊಸದು ಸಾಕೆಟ್ಟಿನಿಂದ ಸಾಕೆಟ್ಟಿಗೆ ಒಂದೇ ತುಂಡು. ಖರ್ಚು ಹೆಚ್ಚು, ಒಂದು ದಿನ ಪೂರ್ತಿ ಬೇಕು, ಗೋಡೆಯಲ್ಲಿ ಒಂದೂವರೆ ಮೀಟರ್ ಪ್ಲಾಸ್ಟರ್ ಒಡೆಯಬೇಕು.

ಮನೆಯೊಡತಿ ಮೂರನೆಯದನ್ನು ಆರಿಸಿದರು. ಅವರನ್ನು ಒಪ್ಪಿಸಿದ್ದು ನಿಯಮಗಳಲ್ಲ. ಕಂದಾಗಿದ್ದ ಆ ಪ್ಲಾಸ್ಟಿಕ್. ನನ್ನ ಮಟ್ಟಿಗೆ ತೂಕವಾಗಿ ಕಂಡದ್ದು ಬೇರೆ. ಹೇಗಿದ್ದರೂ ಆ ಗೋಡೆಗೆ ಬಣ್ಣ ಹೊಡೆಯಲಿಕ್ಕಿತ್ತು, ಕೊಳವೆಗಳಿಗಾಗಿ ನೆಲದ ಹಲಗೆಗಳನ್ನು ಎಬ್ಬಿಸಲಿಕ್ಕಿತ್ತು. ರೇಡಿಯೇಟರ್ ಕೂತು, ನೀರು ತುಂಬಿದ ಮೇಲೆ ಇದೇ ಕೆಲಸಕ್ಕೆ ನಾಲ್ಕು ಪಟ್ಟು ಶ್ರಮ. ಸರಿಪಡಿಸಲು ಎಲ್ಲಕ್ಕಿಂತ ಸುಲಭವಾದ ಗಳಿಗೆ ಅದೊಂದೇ ಆಗಿತ್ತು.

ಕೆಲಸ ನಡೆದ ಬಗೆ

ಶಾಖದ ಕೆಲಸದವರೊಂದಿಗೆ ಮಾತಾಡಿ, ಅವರು ಹಲಗೆ ಎಬ್ಬಿಸುವ ದಿನವನ್ನೇ ನಾನೂ ಹಿಡಿದೆ. ಅದೃಷ್ಟಕ್ಕೆ ನೆಲದ ತೊಲೆಗಳು ಆ ಗೋಡೆಗೆ ಸಮಾನಾಂತರವಾಗಿ ಸಾಗಿದ್ದರಿಂದ ಯಾವ ತೊಲೆಗೂ ತೂತು ಕೊರೆಯದೆ, ಪಕ್ಕಕ್ಕೆ ಕ್ಲಿಪ್ ಹೊಡೆದು ಕೇಬಲ್ ಒಯ್ಯಬಹುದಾಗಿತ್ತು. ಆದರೆ ಇನ್ನೊಂದು ತೊಡಕು ಎದುರಾಯಿತು: ಹೀಟ್ ಪಂಪಿಗೆ ಅನುಕೂಲವಾಗಲೆಂದು ತೊಲೆಗಳ ನಡುವೆ ಶಾಖನಿರೋಧಕ ತುಂಬುವ ಯೋಜನೆಯೂ ಇತ್ತು, ಅದು ನನಗೆ ಗೊತ್ತಾದದ್ದು ಅಂದೇ. ಇದೇ 2.5 ಚದರ ಮಿ.ಮೀ. ಕೇಬಲ್ ತೆರೆದ ಮೇಲ್ಮೈಯಲ್ಲಿ ಕ್ಲಿಪ್ ಹೊಡೆದಿದ್ದಾಗ 27 ಆಂಪಿಯರ್ ಹೊರುತ್ತದೆ. ಶಾಖನಿರೋಧಕದಲ್ಲಿ ಸುತ್ತಲೂ ಹೂತುಹೋದರೆ 13.5 ಆಂಪಿಯರಿಗೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ರಿಂಗಿನ ಕೇಬಲ್ಲಿಗೆ ಕನಿಷ್ಠ 20 ಆಂಪಿಯರ್ ಸಾಮರ್ಥ್ಯ ಬೇಕೆಂಬ ನಿಯಮ ಆಗ ಮುರಿಯುತ್ತದೆ. ಜೊತೆಗೆ ಆ ಹಾಳೆಗಳು ಥರ್ಮೊಕೋಲಿನ ಜಾತಿಯವಾಗಿದ್ದರೆ, ಪಿವಿಸಿ ಹೊದಿಕೆ ಅದಕ್ಕೆ ತಗುಲಿಕೊಂಡೇ ಇದ್ದಾಗ ಅದರಲ್ಲಿನ ಮೃದುಕಾರಕ ಜಿನುಗಿಹೋಗಿ ಹೊದಿಕೆ ವರ್ಷಗಳಲ್ಲಿ ಪೆಡಸಾಗುತ್ತದೆ. ಆದ್ದರಿಂದ ಕೇಬಲ್ಲನ್ನು ತೊಲೆಯ ಕೆಳಭಾಗಕ್ಕೆ, ನಿರೋಧಕದ ಹಾಳೆ ಮುಗಿಯುವಲ್ಲಿಂದ ಕೆಳಗೆ, ಗಾಳಿಯಾಡುವ ಟೊಳ್ಳಿನಲ್ಲಿ ಒಯ್ದು, ಬಿಸಿನೀರಿನ ಕೊಳವೆಗಳಿಂದಲೂ ದೂರವಿರಿಸಿದೆ.

ಹೊಸ ಸಾಕೆಟ್ಟಿನ ಜಾಗದ ಬಗ್ಗೆ ಒಂದು ಮಾತು. ರೇಡಿಯೇಟರಿನಿಂದ ಸಾಕೆಟ್ಟಿಗೆ ಇಷ್ಟೇ ಮಿ.ಮೀ. ಅಂತರವಿರಬೇಕೆಂದು ಬಿಎಸ್ 7671 ಹೇಳುವುದಿಲ್ಲ. ಶಾಖದಿಂದಲೂ ನೀರಿನಿಂದಲೂ ಹಾನಿಯಾಗದಂತೆ ಇರಬೇಕು ಎನ್ನುತ್ತದೆ. ಅಡುಗೆಮನೆಯ ಸಿಂಕಿನಿಂದ ಅಡ್ಡಕ್ಕೆ 300 ಮಿ.ಮೀ. ದೂರ ಎಂಬ ರೂಢಿಯ ಅಳತೆಯನ್ನೇ ಇಲ್ಲಿಗೂ ತೆಗೆದುಕೊಂಡು, ವಾಲ್ವಿನಿಂದ 350 ಮಿ.ಮೀ. ಎಡಕ್ಕೆ ಗುರುತು ಹಾಕಿದೆ. ವಾಲ್ವಿನ ಕೆಳಗೆ ಸಾಕೆಟ್ ಇರಬಾರದು ಎಂಬುದಷ್ಟೇ ಅದರ ಹಿಂದಿನ ವಿಚಾರ. ಎತ್ತರವನ್ನು 300ರಿಂದ 450 ಮಿ.ಮೀ.ಗೆ ಏರಿಸಿದೆವು. ಆ ದೇಶದಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೆ ಸಾಕೆಟ್ 450ರಿಂದ 1,200 ಮಿ.ಮೀ. ನಡುವೆ ಇರಬೇಕೆಂಬ ಕಟ್ಟಡ ನಿಯಮವಿದೆ. ಹಳೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಆದರೂ ಮೊಣಕಾಲು ನೋವಿನಿಂದ ಬಗ್ಗಲಾರದ ಹಿರಿಯರು ಮನೆಯಲ್ಲಿದ್ದಾಗ ಆ ಅಳತೆಯ ಅರ್ಥ ತಾನಾಗಿಯೇ ತಿಳಿಯುತ್ತದೆ.

ಅಡ್ಡ ಕೇಬಲ್ಲನ್ನು ಹೊರತೆಗೆಯುವುದೇ ಧೂಳಿನ ಕೆಲಸ. ತಗಡಿನ ಮುಚ್ಚಿಗೆಯುದ್ದಕ್ಕೂ ಪ್ಲಾಸ್ಟರ್ ಕೆತ್ತಿ, ಕೇಬಲ್ಲನ್ನು ಬಾಗಿಲ ಬಳಿಯ ಸಾಕೆಟ್ಟಿನವರೆಗೂ ಬಿಡಿಸಿ ತೆಗೆದೆ. ಹಳೆಯ ಸಾಕೆಟ್ಟಿನ ಲೋಹದ ಪೆಟ್ಟಿಗೆಯನ್ನೂ ಕಿತ್ತ ಮೇಲೆ ಅಲ್ಲಿ ಉಳಿದದ್ದು ಬರೀ ಇಟ್ಟಿಗೆ. ಆಗ ಮಾತ್ರ ಅದಕ್ಕೆ ಪ್ಲಾಸ್ಟರ್ ತುಂಬುವುದು ಸರಿಯಾದ ಕೆಲಸವಾಯಿತು. ಹೊಸ ಸಾಕೆಟ್ಟಿನಿಂದ ನೆಲಕ್ಕೆ, ಬಾಗಿಲ ಬಳಿಯ ಸಾಕೆಟ್ಟಿನಿಂದ ನೆಲಕ್ಕೆ ಕೇಬಲ್ ನೇರವಾಗಿ ಇಳಿಯುತ್ತದೆ. ಎರಡೂ ಸಾಕೆಟ್ಟುಗಳು ಕಣ್ಣಿಗೆ ಕಾಣುವುದರಿಂದ ಅವುಗಳ ಕೆಳಗೆ ಕೇಬಲ್ ಇದೆಯೆಂದು ಯಾರಾದರೂ ಊಹಿಸಬಲ್ಲರು.

ಫಲಿತಾಂಶ

ಬಳೆಯ ಅಳತೆ ಮತ್ತೆ ತೆಗೆದಾಗ ಲೈನ್ 0.39, ನ್ಯೂಟ್ರಲ್ 0.39, ಅರ್ಥ್ 0.65 ಓಮ್ ಬಂತು. ನೆಲದಡಿಯ ದಾರಿ ಎರಡು ಮೂರು ಮೀಟರ್ ಉದ್ದವಾದದ್ದಕ್ಕೆ ಸರಿಹೊಂದುವ ಏರಿಕೆ ಅದು. 500 ವೋಲ್ಟಿನಲ್ಲಿ ಇನ್ಸುಲೇಷನ್ ಪರೀಕ್ಷೆ, ಧ್ರುವೀಯತೆ, ಅರ್ಥ್ ದಾರಿಯ ಪ್ರತಿರೋಧ ಎಲ್ಲ ತೃಪ್ತಿಕರವಾಗಿದ್ದವು. ಆ ಬೋರ್ಡಿನಲ್ಲಿ ವಿದ್ಯುತ್ ಸೋರಿದರೆ ತಾನೇ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಡಿ ಮೊದಲೇ ಇತ್ತು. ಗೋಡೆಯಲ್ಲಿ ಕಡಿಮೆ ಆಳದಲ್ಲಿ ಇಂಥ ಸಾಮಾನ್ಯ ಕೇಬಲ್ ಹೂಳಲು ಅದಿಲ್ಲದೆ ಆಗದು. 300 ಮಿಲಿಸೆಕೆಂಡಿನೊಳಗೆ ಬೀಳಬೇಕಾದದ್ದು ಅದಕ್ಕಿಂತ ಎಷ್ಟೋ ಬೇಗ ಬಿತ್ತು. ಇಂಗ್ಲೆಂಡಿನಲ್ಲಿ ಮನೆಯ ವಿದ್ಯುತ್ ಕೆಲಸ 2005ರ ಜನವರಿ 1ರಿಂದ ಕಟ್ಟಡ ನಿಯಮಗಳ ವ್ಯಾಪ್ತಿಗೆ ಬಂದಿದೆ. 2013ರ ಸಡಿಲಿಕೆಯ ನಂತರ ಇರುವ ಸರ್ಕ್ಯೂಟಿನಲ್ಲಿ ಸಾಕೆಟ್ ಸರಿಸುವಂಥ ಕೆಲಸವನ್ನು, ಸ್ನಾನದ ಸ್ಥಳವಲ್ಲದಿದ್ದರೆ, ಸ್ಥಳೀಯ ಆಡಳಿತಕ್ಕೆ ತಿಳಿಸಬೇಕಿಲ್ಲ. ತಿಳಿಸಬೇಕಿಲ್ಲ ಎಂದರೆ ಮಾನಕ ಪಾಲಿಸಬೇಕಿಲ್ಲ ಎಂದಲ್ಲ. ಸಣ್ಣ ಕೆಲಸಗಳ ಪ್ರಮಾಣಪತ್ರವನ್ನು ಅಳತೆಗಳೊಂದಿಗೆ ಬರೆದು ಕೊಟ್ಟೆ. ಬೋರ್ಡಿನ ಚೀಟಿಗಳನ್ನೂ ಸರಿಯಾಗಿ ಬರೆದೆ.

ರೇಡಿಯೇಟರಿಗೆ ಮೊದಲ ಬಾರಿ ನೀರು ತುಂಬಿದ ದಿನ ಎಡಗಡೆಯ ವಾಲ್ವಿನ ಸಂಧಿಯಿಂದ ಹನಿ ಹನಿಯಾಗಿ ನೀರು ಸೋರಿತು. ಹೊಸ ಜೋಡಣೆಗಳಲ್ಲಿ ಇದು ಅಪರೂಪವಲ್ಲ. ಅರ್ಧ ಸುತ್ತು ಬಿಗಿದಾಗ ನಿಂತಿತು. ನೀರು ನೇರವಾಗಿ ನೆಲದ ಹಲಗೆಗೆ ಬಿದ್ದು ಅಲ್ಲೇ ಇಂಗಿತು, ಸಾಕೆಟ್ ಅದರಿಂದ ಸುಮಾರು ಮುಕ್ಕಾಲು ಮೊಳ ದೂರದಲ್ಲಿ ಒಣಗಿಯೇ ಇತ್ತು. ಚಳಿಗಾಲದಲ್ಲಿ ಆ ಕೋಣೆ 20 ಡಿಗ್ರಿಯಲ್ಲಿ ನಿಂತಿತೆಂದು, ಫ್ಯಾನ್ ಹೀಟರನ್ನು ಮಾಳಿಗೆಗೆ ಹಾಕಿದೆವೆಂದು ಮನೆಯವರು ತಿಳಿಸಿದರು.

ಈ ಪ್ರಕರಣದ ನಂತರ ನನ್ನ ಕೆಲಸದ ಕ್ರಮದಲ್ಲಿ ಎರಡು ಸಂಗತಿ ಬದಲಾಗಿವೆ. ಸಾಕೆಟ್ ತೆಗೆಯಬಹುದೇ ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ, ಅದರೊಳಗೆ ಎಷ್ಟು ಕೇಬಲ್ ಇವೆ, ಯಾವ ದಿಕ್ಕಿಗೆ ಹೋಗುತ್ತವೆ ಎಂದು ಕಂಡ ಮೇಲೆಯೇ ಉತ್ತರ ಕೊಡುತ್ತೇನೆ. ಒಂದೇ ಕೇಬಲ್ ಇದ್ದರೆ ಅದು ಬಳೆಯಿಂದ ಕವಲೊಡೆದ ಕೊನೆಯ ಸಾಕೆಟ್ ಆಗಿರುವ ಸಂಭವ ಹೆಚ್ಚು. ಅದನ್ನು ಮೂಲದಲ್ಲೇ ಬಿಡಿಸಿದರೆ ಮುಗಿಯಿತು. ಎರಡಿದ್ದರೆ ಬಳೆ ತುಂಡಾಗದಂತೆ ನೋಡಬೇಕು. ಮೂರಿದ್ದರೆ ಇನ್ನಾವುದೋ ಕೋಣೆಯ ಸಾಕೆಟ್ ಇದನ್ನೇ ನಂಬಿಕೊಂಡಿರುತ್ತದೆ. ಇನ್ನೊಂದು, ಕೆಲಸಕ್ಕೆ ಮುಂಚಿನ ಅಳತೆಯನ್ನು ಎಂದೂ ಬಿಡುವುದಿಲ್ಲ. ಈ ಮನೆಯಲ್ಲಿ ಕೆಲಸ ಮುಗಿದ ಮೇಲೆ ಮಾತ್ರ ಅಳೆದಿದ್ದರೆ, ನ್ಯೂಟ್ರಲ್ ಮೊದಲೇ ತುಂಡಾಗಿತ್ತು ಎಂಬುದೇ ತಿಳಿಯುತ್ತಿರಲಿಲ್ಲ.

ಪ್ಲಾಸ್ಟರ್ ಹಚ್ಚುವುದಕ್ಕೆ ಮೊದಲು ಗೋಡೆಯ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ನಾಲ್ಕು ಫೋಟೋ ತೆಗೆದೆವು. ಹಿರಿಯರು ಒಂದು ಹಾಳೆಯಲ್ಲಿ ಗೋಡೆಯ ನಕ್ಷೆ ಬರೆದು, ಎರಡು ಸಾಕೆಟ್ಟುಗಳ ಕೆಳಗೆ ಕೆಂಪು ಗೆರೆ ಎಳೆದು, ನಡುವಿನ ಭಾಗದಲ್ಲಿ “ಇಲ್ಲಿ ತಂತಿ ಇಲ್ಲ” ಎಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದರು. ಆ ಹಾಳೆ ಪ್ರಮಾಣಪತ್ರದ ಜೊತೆಗೆ ಫ್ಯೂಸ್ ಬೋರ್ಡಿನ ಬಾಗಿಲೊಳಗೆ ಅಂಟಿಕೊಂಡಿದೆ.